ಹಳೆಯ ಟರ್ನ್‌ಟೇಬಲ್ ಕೊಳ್ಳುವ ಮುನ್ನ

ಮಗು, ಹಳೆಯ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಕೊಳ್ಳಬೇಕೆಂದು ಹೊರಟಿದ್ದೀಯಂತೆ, ಕೇಳಿ ಖುಷಿಯಾಯಿತು. ಒಳ್ಳೆಯ ಆಯ್ಕೆ. ದುಡ್ಡು ಕೊಡುವ ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊ. ಈ ಯಂತ್ರದ ಬಿಡಿಭಾಗಗಳು ಇವತ್ತಿಗೂ ಹುಡುಕಿದರೆ ಸಿಗುತ್ತವೆ. ಸವೆದುಹೋದ ರೆಕಾರ್ಡು ಮಾತ್ರ ಮತ್ತೆ ಹೊಸದಾಗುವುದಿಲ್ಲ. ಆದ್ದರಿಂದ ಯಂತ್ರ ಎಷ್ಟು ಹೊಳೆಯುತ್ತಿದೆ ಎಂದು ನೋಡಬೇಡ, ಅದು ನಿನ್ನ ರೆಕಾರ್ಡುಗಳನ್ನು ಹೇಗೆ ನೋಡಿಕೊಳ್ಳುತ್ತದೆ ಎಂದು ನೋಡು.

ಮೊದಲು ಅದರ ಒಳಗುಟ್ಟು ತಿಳಿದುಕೊ. ಬೆಲ್ಟಿನ ಟರ್ನ್‌ಟೇಬಲ್‌ನಲ್ಲಿ ಮೋಟಾರು ಒಂದು ಪಕ್ಕದಲ್ಲಿದ್ದು, ರಬ್ಬರ್ ಬೆಲ್ಟಿನಿಂದ ತಟ್ಟೆಯನ್ನು ತಿರುಗಿಸುತ್ತದೆ. ವರ್ಷ ಕಳೆದಂತೆ ರಬ್ಬರು ಸಡಿಲಗೊಂಡು ಹಾಡು ಎಳೆಯತೊಡಗುತ್ತದೆ. ಟೆಕ್ನಿಕ್ಸ್‌ನ ಒಡೆತನದ ಜಪಾನಿನ ಮತ್ಸುಶಿತಾ ಕಂಪನಿಯ ಎಂಜಿನಿಯರ್ ಶುಯಿಚಿ ಒಬಾಟ ಮತ್ತು ಸಂಗಡಿಗರು ಆ ಬೆಲ್ಟನ್ನೇ ಕೈಬಿಟ್ಟರು. ಆ ಬಗೆಯ ಡೈರೆಕ್ಟ್ ಡ್ರೈವ್ ಯಂತ್ರವಾದ ಎಸ್‌ಪಿ-10 ಮಾರುಕಟ್ಟೆಗೆ ಬಂದ ಮೇಲೆ 1972ರಲ್ಲಿ ಎಸ್‌ಎಲ್-1200, 1979ರಲ್ಲಿ ನೀನು ಕೇಳುತ್ತಿರುವ ಎಂಕೆ2 ಬಂದವು. ಇದರ ತಟ್ಟೆಯನ್ನು ಎತ್ತಿ ತಿರುವಿದರೆ ಅಡಿಯಲ್ಲಿ ದುಂಡನೆಯ ದೊಡ್ಡ ಅಯಸ್ಕಾಂತ ಕಾಣುತ್ತದೆ. ತಾಮ್ರದ ಸುರುಳಿಗಳು ಕೆಳಗೆ ಪೆಟ್ಟಿಗೆಯಲ್ಲಿವೆ. ಎಂದರೆ ತಟ್ಟೆಯೇ ಮೋಟಾರಿನ ಅರ್ಧ ಭಾಗ. ಅದು ತಿರುಗುವ ವೇಗವನ್ನು ಒಂದು ಕ್ವಾರ್ಟ್ಜ್ ಹರಳಿನ ಲೆಕ್ಕಕ್ಕೆ ಹೋಲಿಸಿ ಸರ್ಕ್ಯೂಟು ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತದೆ. ಗುಂಡಿ ಒತ್ತಿದ 0.7 ಸೆಕೆಂಡಿನಲ್ಲಿ ನಿಮಿಷಕ್ಕೆ 33⅓ ಸುತ್ತಿನ ವೇಗ ಹಿಡಿಯುತ್ತದೆ. ಮೇಲ್ಭಾಗ ಎರಕದ ಅಲ್ಯೂಮಿನಿಯಂ, ಅಡಿಯಲ್ಲಿ ದಪ್ಪ ರಬ್ಬರು. ನೆಲದ ಅದುರುವಿಕೆ ಸೂಜಿಗೆ ಮುಟ್ಟದಿರಲೆಂದೇ ಇಷ್ಟು ಭಾರ.

ಈ ಗಟ್ಟಿತನ ನೋಡಿಯೇ ಡಿಜೆಗಳು ಇದನ್ನು ಅಪ್ಪಿಕೊಂಡರು. ಹಾಗಾಗಿ ಸೆಕೆಂಡ್ ಹ್ಯಾಂಡ್ ಬರುವ ಯಂತ್ರಗಳಲ್ಲಿ ವರ್ಷಗಟ್ಟಲೆ ಕ್ಲಬ್ಬುಗಳಲ್ಲಿ ದುಡಿದು ಬಂದವೂ ಇರುತ್ತವೆ. ನಿನ್ನ ಕಣ್ಣು ಚುರುಕಾಗಿರಬೇಕಾದದ್ದು ಇಲ್ಲೇ.

ವೇಗ ಪರೀಕ್ಷಿಸುವುದು ಸುಲಭ. ತಟ್ಟೆಯ ಅಂಚಿನಲ್ಲಿ ನಾಲ್ಕು ಸಾಲು ಚುಕ್ಕಿಗಳಿವೆ. ಪಿಚ್ ಸ್ಲೈಡರನ್ನು ಸರಿಯಾಗಿ ನಡುವೆ ನಿಲ್ಲಿಸು, ಅಲ್ಲಿ ಹಸಿರು ದೀಪ ಹತ್ತಬೇಕು. ಆಗ ಕೆಂಪು ಬೆಳಕಿನೆದುರು ದೊಡ್ಡ ಚುಕ್ಕಿಗಳ ಸಾಲು ನಿಂತಲ್ಲೇ ನಿಂತಂತೆ ಕಾಣಬೇಕು. 33ರಲ್ಲೂ ನೋಡು, 45ರಲ್ಲೂ ನೋಡು. ಆಮೇಲೆ ಸ್ಲೈಡರನ್ನು ನಿಧಾನವಾಗಿ ಎರಡೂ ಕಡೆಯ ಶೇ. 8ರವರೆಗೆ ಸರಿಸು. ವೇಗ ನಡುನಡುವೆ ಜಿಗಿದರೆ ಒಳಗೆ ಧೂಳು ಕೂತಿರಬಹುದು, ಇಲ್ಲವೇ ಸ್ಲೈಡರು ಸವೆದಿರಬಹುದು. ಇದನ್ನು ರಿಪೇರಿ ಮಾಡಿಸಬಹುದು, ಬೆಲೆ ಇಳಿಸಿ ಕೇಳು.

ಸೂಜಿ ಹಿಡಿಯುವ ತೋಳು, ಅಂದರೆ ಟೋನ್‌ಆರ್ಮ್ ವಿಷಯದಲ್ಲಿ ಮಾತ್ರ ಎಳ್ಳಷ್ಟೂ ರಾಜಿ ಬೇಡ. ಹಿಂದಿನ ತೂಕದ ಬಿಲ್ಲೆಯನ್ನು ತಿರುಗಿಸುತ್ತಾ ತೋಳು ಕೆಳಕ್ಕೂ ಬೀಳದೆ ಮೇಲಕ್ಕೂ ಏಳದೆ ಗಾಳಿಯಲ್ಲಿ ತೇಲುವಂತೆ ಮಾಡು. ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಎಲ್ಲೂ ತಡೆಯದೆ ಸಾಗಬೇಕು. ತೋಳಿನ ಬುಡವನ್ನು ಹಿಡಿದು ಹಗುರವಾಗಿ ಅಲ್ಲಾಡಿಸಿ ನೋಡು, ಟಿಕ್ ಎಂದು ಸಡಿಲ ಸಿಕ್ಕಿದರೆ ಬೇರಿಂಗ್ ಕೆಟ್ಟಿದೆ ಎಂದರ್ಥ. ಎಷ್ಟೇ ಅಗ್ಗವಾದರೂ ಅಂಥದ್ದನ್ನು ಬಿಟ್ಟು ಬಾ. ರೆಕಾರ್ಡಿನ ಗೆರೆಗೆ ಪೆಟ್ಟು ಬೀಳುವುದು ಅಲ್ಲಿಂದಲೇ.

ಹಳೆಯ ಯಂತ್ರದ ಜೊತೆ ಬಂದ ಸೂಜಿಯನ್ನು ನಂಬಬೇಡ. ಅದು ಎಷ್ಟು ಗಂಟೆ ಓಡಿದೆಯೋ ಮಾರುವವನಿಗೂ ಗೊತ್ತಿರುವುದಿಲ್ಲ. ಹೊಸದು ಹಾಕಿಸಿ, ಸೂಜಿ ಕೂರುವ ಕಾರ್ಟ್ರಿಜ್‌ನ ಕಂಪನಿ ಹೇಳಿದಷ್ಟೇ ತೂಕ ಕೊಡು. ತೂಕ ಕಡಿಮೆಯಾದರೆ ರೆಕಾರ್ಡು ಉಳಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಹಗುರಾದ ಸೂಜಿ ಗೆರೆಯಲ್ಲಿ ಕೂರದೆ ಕುಪ್ಪಳಿಸಿ ಗೋಡೆಗಳನ್ನು ಕೆಡಿಸುತ್ತದೆ.

ಅಜ್ಜಿ ಮನೆಯಲ್ಲಿರುವ ಗಾಯಕ ಕಾಳಿಂಗರಾಯರ 78 ಆರ್‌ಪಿಎಂ ಪ್ಲೇಟುಗಳನ್ನು ಇದರ ಮೇಲೆ ಹಾಕಲು ಹೋಗಬೇಡ. ಎಂಕೆ2ನಲ್ಲಿ ಆ ವೇಗವೇ ಇಲ್ಲ. ಅರಗಿನ ಆ ಪ್ಲೇಟುಗಳ ಗೆರೆಯೂ ಅಗಲ, ಅದಕ್ಕೆ ದಪ್ಪ ತುದಿಯ ಬೇರೆ ಸೂಜಿಯೇ ಬೇಕು. 33ರ ಎಲ್‌ಪಿ, 45ರ ಸಣ್ಣ ರೆಕಾರ್ಡು, ಇವೆರಡೇ ಇದರ ಪಾಲಿಗೆ.

ಯಂತ್ರ ಜಪಾನಿನಲ್ಲೇ ಬಳಸಲೆಂದು ಮಾಡಿದ್ದಾಗಿದ್ದರೆ ಅದು 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಹಿಂಬದಿಯ ಚೀಟಿ ಓದಿ ಖಚಿತ ಮಾಡಿಕೊ. ಸೂಜಿಯಿಂದ ಬರುವ ಸದ್ದು ಬಹಳ ಸಣ್ಣದು, ಆಂಪ್ಲಿಫೈಯರಿನಲ್ಲಿ ಫೋನೋ ಎಂಬ ಕಿಂಡಿ ಇಲ್ಲದಿದ್ದರೆ ಪ್ರತ್ಯೇಕ ಪ್ರೀ-ಆಂಪ್ ಕೊಳ್ಳಬೇಕಾಗುತ್ತದೆ. ತೆಳ್ಳನೆಯ ಅರ್ತಿಂಗ್ ತಂತಿಯನ್ನು ಮರೆತರೆ ಗುಂಯ್ ಎನ್ನುತ್ತಲೇ ಇರುತ್ತದೆ. ಕೊರಿಯರಿನಲ್ಲಿ ತರಿಸುವುದಾದರೆ ತಟ್ಟೆ, ತೂಕದ ಬಿಲ್ಲೆ ಎರಡನ್ನೂ ಬಿಚ್ಚಿ ಬೇರೆಬೇರೆಯಾಗಿ ಸುತ್ತಿ ಕಳಿಸಲು ಹೇಳು. ಆದಷ್ಟು ಕೈಯಾರೆ ಹೋಗಿ ತರುವುದೇ ಮೇಲು.

ಟೆಕ್ನಿಕ್ಸ್ 2010ರಲ್ಲಿ ಈ ಸರಣಿಯನ್ನು ನಿಲ್ಲಿಸಿ, ಕೇಳುಗರ ಒತ್ತಾಯ ಕಂಡು 2016ರಲ್ಲಿ ಮತ್ತೆ ಶುರುಮಾಡಿತು. ಆದ್ದರಿಂದ ಇವತ್ತು ಸಿಕ್ಕ ಯಂತ್ರವೇ ಕೊನೆಯದೆಂದು ಆತುರಪಡಬೇಡ. ಮೊದಲು ತೋಳು, ಆಮೇಲೆ ವೇಗ, ಅಂದಚಂದ ಕಟ್ಟಕಡೆಗೆ. ಇದೇ ಕ್ರಮದಲ್ಲಿ ನೋಡಿ ತೆಗೆದುಕೊ. ಹೊಸ ಸೂಜಿ ಬರುವ ತನಕ ಒಂದೇ ಒಂದು ರೆಕಾರ್ಡನ್ನೂ ಅದರ ಮೇಲೆ ಇಡಬೇಡ.