ಹಸುವಿನ ನಾಡಿ ನೋಡುವ ನಾವು ನಮ್ಮ ನಾಡಿ ನೋಡಿಕೊಂಡಿದ್ದೇವೆಯೇ?



ಹಸು ಮೇವು ಬಿಟ್ಟಿತೆಂದರೆ ಬಾಲದ ಕೆಳಬದಿಗೆ ಬೆರಳಿಟ್ಟು ನಾಡಿ ಎಣಿಸುವುದನ್ನು ನೀವು ನೋಡಿದ್ದೀರಿ. ಆರೋಗ್ಯವಂತ ಹಸುವಿನ ನಾಡಿ ನಿಮಿಷಕ್ಕೆ ಸುಮಾರು 60ರಿಂದ 80 ಬಾರಿ ಬಡಿಯುತ್ತದೆ. ಗಬ್ಬದ ಹಸು ಅತಿಯಾಗಿ ಕೊಬ್ಬಿದರೆ ಕರು ಹಾಕಿದ ಮೇಲೆ ಕೀಟೋಸಿಸ್ ಬಂದೀತೆಂದು ಎಚ್ಚರ ವಹಿಸುತ್ತೀರಿ. ಇಷ್ಟೆಲ್ಲ ಮಾಡುವ ನಾವು ನಮ್ಮ ಸೊಂಟದ ಸುತ್ತಳತೆಯನ್ನು, ನಮ್ಮ ನಾಡಿಯನ್ನು ಎಂದಾದರೂ ನೋಡಿಕೊಂಡಿದ್ದೇವೆಯೇ?

ನನ್ನ ಅನುಭವವನ್ನೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಕರು ಹಾಕಲು ಕಷ್ಟಪಡುತ್ತಿದ್ದ ಹಸುವೊಂದನ್ನು ನೋಡಲು ತೋಟದ ದಿಬ್ಬ ಹತ್ತಿ ಹೋದೆ. ಕೊಟ್ಟಿಗೆ ಮುಟ್ಟುವಷ್ಟರಲ್ಲಿ ನನಗೇ ಏದುಸಿರು. ಮನೆಯ ಅಜ್ಜಿ, "ಡಾಕ್ಟ್ರೇ, ಮೊದ್ಲು ನೀವು ಕೂತ್ಕೊಳ್ಳಿ, ಆಮೇಲೆ ಹಸು ನೋಡೋರಂತೆ" ಎಂದರು. ನಾಡಿ ಎಣಿಸಿಕೊಂಡರೆ 150 ದಾಟಿತ್ತು. ಮರುದಿನವೇ ವೈದ್ಯರ ಬಳಿ ಹೋದೆ. ತೂಕ 84 ಕಿಲೋ, ರಕ್ತದೊತ್ತಡವೂ ಹೆಚ್ಚು. "ನಡೆಯಿರಿ, ಆದರೆ ಅಳತೆಯಿಟ್ಟು ನಡೆಯಿರಿ" ಎಂದರು ಅವರು. ಆ ಅಳತೆಯೇ ನಾಡಿ.

ನಾಡಿ ಎಣಿಸುವುದು ಹೇಗೆ?

ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲಗೆ ಒತ್ತಿ. ಹೆಬ್ಬೆರಳಿನಿಂದ ಎಣಿಸಬೇಡಿ, ಅದರದೇ ಬಡಿತ ಸೇರಿ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಎದ್ದ ಕೂಡಲೇ, ಕಾಫಿ ಕುಡಿಯುವ ಮೊದಲು, ಪೂರ್ತಿ ಒಂದು ನಿಮಿಷ ಎಣಿಸಿ. ಇದು ನಿಮ್ಮ ವಿಶ್ರಾಂತಿಯ ನಾಡಿ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 60ರಿಂದ 100ರೊಳಗಿರುತ್ತದೆ.

ಎಷ್ಟು ಏರಬೇಕು?

ಫಿನ್ಲೆಂಡ್ ದೇಶದ ಕಾರ್ವೊನೆನ್ ಮತ್ತು ಸಂಗಡಿಗರು 1957ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಲೆಕ್ಕವೊಂದು ಇಂದಿಗೂ ಬಳಕೆಯಲ್ಲಿದೆ. ನನ್ನ ವಯಸ್ಸು 48, ವಿಶ್ರಾಂತಿಯ ನಾಡಿ 76. ನನ್ನ ಲೆಕ್ಕವನ್ನೇ ನೋಡಿ:

1. 220ರಲ್ಲಿ ವಯಸ್ಸು ಕಳೆಯಿರಿ: 220 – 48 = 172. ಇದು ಹೃದಯದ ಗರಿಷ್ಠ ಬಡಿತದ ಅಂದಾಜು.
2. ಅದರಲ್ಲಿ ವಿಶ್ರಾಂತಿಯ ನಾಡಿ ಕಳೆಯಿರಿ: 172 – 76 = 96.
3. ಇದರ ಶೇ. 40 ಎಂದರೆ 38. ಅದಕ್ಕೆ 76 ಕೂಡಿಸಿದರೆ 114.
4. ಇದರ ಶೇ. 60 ಎಂದರೆ 58. ಅದಕ್ಕೆ 76 ಕೂಡಿಸಿದರೆ 134.

ಅಂದರೆ ನಡೆಯುವಾಗ ನನ್ನ ನಾಡಿ 114ರಿಂದ 134ರ ನಡುವೆ ಇರಬೇಕು. ನಿಂತ ಕೂಡಲೇ ನಾಡಿ ಬೇಗ ಇಳಿಯುವುದರಿಂದ ಆಗ ಪೂರ್ತಿ ನಿಮಿಷ ಎಣಿಸಬಾರದು. ನಿಂತ ತಕ್ಷಣ 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. ನನಗೆ 15 ಸೆಕೆಂಡಿಗೆ 29ರಿಂದ 33 ಬಂದರೆ ಸರಿ. ಕಡಿಮೆ ಬಂದರೆ ಹೆಜ್ಜೆ ಚುರುಕಾಗಬೇಕು, ಹೆಚ್ಚು ಬಂದರೆ ನಿಧಾನಿಸಬೇಕು.

220ರ ಲೆಕ್ಕ ಒಂದು ಅಂದಾಜು ಮಾತ್ರ. ಒಬ್ಬರಿಂದೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. ಆದ್ದರಿಂದ ಇನ್ನೊಂದು ಪರೀಕ್ಷೆಯನ್ನೂ ಮಾಡಿ. ನಡೆಯುತ್ತ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲು ಬಂದರೆ ವೇಗ ಸಾಲದು. ಮಾತಿಗೇ ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತು.

"ಕೊಟ್ಟಿಗೆ ಕೆಲಸವೇ ವ್ಯಾಯಾಮವಲ್ಲವೇ?"

ಸಂಘಗಳ ಸಭೆಯಲ್ಲಿ, ಅದರಲ್ಲೂ ಮಹಿಳಾ ಸದಸ್ಯರು, ಈ ಪ್ರಶ್ನೆ ಕೇಳುತ್ತಾರೆ. ಉತ್ತರವನ್ನು ನಿಮ್ಮ ನಾಡಿಯೇ ಹೇಳುತ್ತದೆ. ಸಗಣಿ ಬಾಚಿದ ಮೇಲೆ ಎಣಿಸಿ, ಹುಲ್ಲಿನ ಹೊರೆ ಹೊತ್ತು ತಂದ ಮೇಲೆ ಎಣಿಸಿ. ನಿಮ್ಮ ಲೆಕ್ಕದ ಮಟ್ಟ ಮುಟ್ಟಿದ್ದರೆ ಅದೂ ವ್ಯಾಯಾಮವೇ. ಆದರೆ ಮೇವು ಕತ್ತರಿಸಲು ಕರೆಂಟಿನ ಯಂತ್ರ, ಹಾಲು ಕರೆಯಲು ಯಂತ್ರ, ಡೈರಿಗೆ ಕ್ಯಾನು ಒಯ್ಯಲು ಬೈಕು ಬಂದಿರುವ ಮನೆಗಳಲ್ಲಿ ದಿನವಿಡೀ ದಣಿದರೂ ನಾಡಿ ಏರುವ ಕೆಲಸ ಕಡಿಮೆಯಾಗಿದೆ. ದಣಿವು ಬೇರೆ, ವ್ಯಾಯಾಮ ಬೇರೆ.

ತೂಕ ಎಷ್ಟು ಇಳಿದೀತು?

ನಿಧಾನವಾಗಿ ನಡೆದರೆ ಕೊಬ್ಬು ಹೆಚ್ಚು ಕರಗುತ್ತದೆಂದು ಕೆಲವರು ಹೇಳುತ್ತಾರೆ. ನಿಧಾನ ನಡಿಗೆಯಲ್ಲಿ ಉರಿಯುವ ಶಕ್ತಿಯಲ್ಲಿ ಕೊಬ್ಬಿನ ಪಾಲು ಹೆಚ್ಚಿರುವುದು ನಿಜ. ಆದರೆ ಅಲ್ಲಿ ಒಟ್ಟು ಖರ್ಚೇ ಕಡಿಮೆ. ತೂಕ ಇಳಿಸುವುದು ಒಟ್ಟು ಜಮಾ-ಖರ್ಚು. 75 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 150 ಕ್ಯಾಲೊರಿ ಖರ್ಚು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಊಟ ಹೆಚ್ಚಿಸದೆ ದಿನವೂ ನಡೆದರೆ ಸುಮಾರು 50 ದಿನಕ್ಕೆ ಒಂದು ಕಿಲೋ. ನಡೆದು ಬಂದು ಎರಡು ಬೋಂಡಾ ತಿಂದರೆ ಲೆಕ್ಕ ಅಲ್ಲಿಗೇ ಚುಕ್ತಾ. ಹಾಲು ಬಿಡಬೇಕಾಗಿಲ್ಲ, ಅದರೊಳಗಿನ ಸಕ್ಕರೆ, ತಟ್ಟೆಯಲ್ಲಿನ ಎರಡನೆಯ ಸಲದ ಅನ್ನ, ಕರಿದ ತಿಂಡಿ ಕಡಿಮೆ ಮಾಡಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಬೇಕು. ಮೊದಲ ವಾರ ದಿನಕ್ಕೆ 10 ನಿಮಿಷ ಸಾಕು. ಆಮೇಲೆ ವಾರಕ್ಕೆ 5 ನಿಮಿಷದಂತೆ ಏರಿಸಿ. ಬೆಳಗಿನ ಹಾಲು ಡೈರಿಗೆ ಹಾಕಿ ಬರುವ ಹೊತ್ತೇ ಒಳ್ಳೆಯ ಹೊತ್ತು.

ಎಚ್ಚರಿಕೆ

ನಾನು ದನದ ಡಾಕ್ಟರು. ನಿಮ್ಮ ದೇಹವನ್ನು ನಿಮ್ಮ ವೈದ್ಯರೇ ನೋಡಬೇಕು. 30 ವರ್ಷ ದಾಟಿದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿದ್ದರೆ ಇನ್ನೂ ತಡಮಾಡಬೇಡಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ನಾಡಿ ಏರುವುದೇ ಕಡಿಮೆ. ಅಂಥವರು ಮೇಲಿನ ಲೆಕ್ಕ ಹಿಡಿದು ವೇಗ ಹೆಚ್ಚಿಸುವುದು ಅಪಾಯ. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರು ಹೇಳಿದಷ್ಟೇ ಮಾಡಬೇಕು. ನಡೆಯುವಾಗ ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವು ಹರಿದರೆ, ತಲೆ ಸುತ್ತಿ ಬೆವರಿದರೆ ಕೂಡಲೇ ನಿಲ್ಲಿ. 108ಕ್ಕೆ ಕರೆ ಮಾಡಿ. "ಗ್ಯಾಸ್ ಇರಬೇಕು" ಎಂದು ಮನೆಯಲ್ಲಿ ಕೂರಬೇಡಿ.

ಈಗ ನನ್ನ ತೂಕ 77 ಕಿಲೋ. ಕಳೆದ ತಿಂಗಳು ಅದೇ ದಿಬ್ಬ ಹತ್ತಿದೆ. ಅಜ್ಜಿ ಕೂರಲು ಹೇಳಲಿಲ್ಲ, ನೇರ ಕೊಟ್ಟಿಗೆಗೇ ಕರೆದೊಯ್ದರು. ನಾಳೆ ಬೆಳಿಗ್ಗೆ ಎದ್ದವರೇ ನಿಮ್ಮ ನಾಡಿ ಎಣಿಸಿ, ಸಂಘದ ಹಾಲಿನ ಪಾಸ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ನಮ್ಮ ಕೊಟ್ಟಿಗೆಯ ಹಸು ಚೆನ್ನಾಗಿರಬೇಕಾದರೆ ಅದಕ್ಕೆ ಮೇವು ಹಾಕುವ ಕೈಯೂ ಗಟ್ಟಿಯಾಗಿರಬೇಕು.