ಮನಸ್ಸಿನ ಒತ್ತಡವೂ ಚರ್ಮದ ಆರೋಗ್ಯವೂ

ಭಯವಾದಾಗ ಮೈ ನವಿರೇಳುತ್ತದೆ. ನಾಚಿಕೆಯಾದಾಗ ಕೆನ್ನೆ ಕೆಂಪೇರುತ್ತದೆ. ಪರೀಕ್ಷೆಯ ಕೊಠಡಿಯನ್ನು ಹೊಕ್ಕ ವಿದ್ಯಾರ್ಥಿಯ ಅಂಗೈ ಬೆವರುತ್ತದೆ. ಮನಸ್ಸಿನೊಳಗೆ ನಡೆಯುವುದನ್ನು ಚರ್ಮವು ಹೊರಗೆಡಹುತ್ತದೆ ಎಂಬುದು ಹೀಗೆ ನಮಗೆಲ್ಲರಿಗೂ ಅನುಭವದಿಂದ ತಿಳಿದ ಸಂಗತಿ. ಆದರೆ ಇವೆಲ್ಲ ಕ್ಷಣಮಾತ್ರದ ಬದಲಾವಣೆಗಳು. ಚಿಂತೆಯು ತಿಂಗಳುಗಟ್ಟಲೆ ನೆಲೆಸಿದರೆ ಚರ್ಮಕ್ಕೆ ಏನಾಗುತ್ತದೆ? ಚರ್ಮವನ್ನು ಆರೈಕೆ ಮಾಡುವ ವೃತ್ತಿಯವರು ಆಗ ಏನು ಮಾಡಬಲ್ಲರು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ರೇಷ್ಮೆಯ ನಾಡಿನ ಕೈಗಳು

ಇದಕ್ಕೆ ದೂರ ಹೋಗಬೇಕಾಗಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾ ಖಂಡದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾಗಿದೆ. ಕನಕಪುರ, ಮಾಗಡಿ, ಚನ್ನಪಟ್ಟಣಗಳ ರೈತರು ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡನ್ನು ಇಲ್ಲಿಗೆ ತರುತ್ತಾರೆ. ನೂಲು ಬಿಚ್ಚುವವರು ಅದನ್ನು ಹರಾಜಿನಲ್ಲಿ ಕೊಂಡು, ಬೇಯಿಸಿ, ಬಿಸಿನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು, ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ ರಾಟೆಗೆ ಏರಿಸುತ್ತಾರೆ. ಗೂಡನ್ನು ಬೇಯಿಸುವುದು ಅದರ ಎಳೆಗಳನ್ನು ಹಿಡಿದಿರುವ ಸೆರಿಸಿನ್ ಎಂಬ ಅಂಟನ್ನು ಮೆದುವಾಗಿಸಲು. ಆ ಅಂಟು ಬೆರೆತ ಬಿಸಿನೀರಿನಲ್ಲಿ ಕೆಲಸಗಾರರ, ಅವರಲ್ಲಿಯೂ ಅನೇಕ ಹೆಂಗಸರ, ಕೈಗಳು ಗಂಟೆಗಟ್ಟಲೆ ನೆನೆಯುತ್ತವೆ.

ಹುಳು ಸಾಕುವವರದು ಇನ್ನೊಂದು ಬಗೆಯ ಕಷ್ಟ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಸುಮಾರು ಒಂದು ವಾರದ ಕಾಲ ಬಿಡುವಿಲ್ಲದೆ ಮೇಯುತ್ತವೆ; ಮನೆಯವರಿಗೆ ಸರಿಯಾದ ನಿದ್ರೆ ಇರುವುದಿಲ್ಲ. ರೋಗ ತಗಲದಂತೆ ಬಳಸುವ ಬ್ಲೀಚಿಂಗ್ ಪೌಡರು ಮತ್ತು ಸುಣ್ಣ ಕೈಯನ್ನು ಒಣಗಿಸುತ್ತವೆ. ಇಷ್ಟಾದ ಮೇಲೂ ಗೂಡಿಗೆ ಯಾವ ಬೆಲೆ ಬಂದೀತೆಂಬುದು ಹರಾಜಿನ ಹೊತ್ತಿನವರೆಗೆ ತಿಳಿಯದು. ಕೈಗೆ ಶ್ರಮ, ಮನಸ್ಸಿಗೆ ಚಿಂತೆ, ಇವೆರಡೂ ಇಲ್ಲಿ ಒಟ್ಟಿಗೇ ಇವೆ. ಚನ್ನಪಟ್ಟಣದಲ್ಲಿ ಮರದ ಧೂಳಿನ ನಡುವೆ ಅರಗಿನ ಬೊಂಬೆ ಮಾಡುವ ಕುಶಲಿಯ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಗೋಡೆಯೂ ಗಾರೆಯೂ

ಚರ್ಮದ ಅತ್ಯಂತ ಹೊರಗಿನ ಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಸತ್ತು ಚಪ್ಪಟೆಯಾದ ಜೀವಕೋಶಗಳೇ ಇಟ್ಟಿಗೆಗಳು. ಅವುಗಳ ನಡುವಿನ ಕೊಬ್ಬಿನ ಪದಾರ್ಥಗಳೇ ಗಾರೆ. ಒಳಗಿನ ನೀರು ಆರಿಹೋಗದಂತೆಯೂ ಹೊರಗಿನ ಕೊಳೆ, ವಿಷ, ರೋಗಾಣುಗಳು ಒಳನುಗ್ಗದಂತೆಯೂ ಈ ಗೋಡೆ ಕಾಯುತ್ತದೆ. ಬಿಸಿನೀರು ಮತ್ತು ಸೋಪು ಗಾರೆಯನ್ನು ಕರಗಿಸುತ್ತವೆ. ಆಗ ಚರ್ಮವು ಒಣಗಿ, ಒರಟಾಗಿ, ಬಿರಿಯುತ್ತದೆ. ಆರೋಗ್ಯವಂತನಲ್ಲಿ ಗಾರೆ ಮತ್ತೆ ಮತ್ತೆ ಹೊಸದಾಗಿ ತಯಾರಾಗುತ್ತಿರುವುದರಿಂದ ಈ ಹಾನಿ ತುಂಬಿಬರುತ್ತದೆ. ಒತ್ತಡವು ಅಡ್ಡಿ ಮಾಡುವುದು ಇಲ್ಲಿಯೇ.

ಚಿಂತೆಯು ಚರ್ಮವನ್ನು ತಲುಪುವ ದಾರಿ

ಗರ್ಭದಲ್ಲಿ ಭ್ರೂಣವು ಬೆಳೆಯುವಾಗ ಹೊರಚರ್ಮವೂ ನರಮಂಡಲವೂ ಒಂದೇ ಪದರದಿಂದ ಹುಟ್ಟುತ್ತವೆ. ಅವೆರಡಕ್ಕೂ ಇರುವ ನಂಟು ಜನ್ಮದಿಂದಲೇ ಬಂದುದು. ದೇಹವು ನಾನಾ ವಿಧದ ಆಘಾತಗಳನ್ನು ಒಂದೇ ರೀತಿಯಲ್ಲಿ ಎದುರಿಸುತ್ತದೆಂಬುದನ್ನು ಹಾನ್ಸ್ ಸೆಲ್ಯೆ 1936ರಲ್ಲಿ ಪ್ರಕಟಪಡಿಸಿದನು. ಆತಂಕವಾದಾಗ ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಅದು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ಎಬ್ಬಿಸುತ್ತದೆ. ಅವು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಅಲ್ಪಕಾಲ ಇದು ಉಪಕಾರಿ. ಬಹುಕಾಲ ಹೆಚ್ಚಾಗಿಯೇ ಉಳಿದರೆ ಚರ್ಮದಲ್ಲಿ ಗಾರೆಯ ತಯಾರಿಕೆ ಕುಂದುತ್ತದೆ, ಗಾಯ ಮಾಯುವುದೂ ತಡವಾಗುತ್ತದೆ.

ಇದು ಬರಿಯ ಊಹೆಯಲ್ಲ. ಬುದ್ಧಿಮಾಂದ್ಯಕ್ಕೆ ಒಳಗಾದ ಬಂಧುಗಳ ಆರೈಕೆಯಲ್ಲಿ ಬಳಲುತ್ತಿದ್ದ 13 ಮಂದಿ ಮಹಿಳೆಯರನ್ನು ಅಮೆರಿಕೆಯ ಸಂಶೋಧಕರು ಪರೀಕ್ಷಿಸಿ 1995ರಲ್ಲಿ ಫಲವನ್ನು ಪ್ರಕಟಿಸಿದರು. ಅವರ ತೋಳಿನಲ್ಲಿ ಮಾಡಿದ ಪುಟ್ಟ ಗಾಯವು, ಅಂಥ ಹೊರೆಯಿಲ್ಲದವರ ಗಾಯಕ್ಕಿಂತ ಸರಾಸರಿ 9 ದಿನ ತಡವಾಗಿ ಮಾಯಿತು. 2001ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳ ಚರ್ಮದ ಮೇಲ್ಪದರವನ್ನು ಅಂಟುಪಟ್ಟಿಯಿಂದ ಸ್ವಲ್ಪ ಕಿತ್ತು ನೋಡಿದರು. ರಜೆಯ ದಿನಗಳಿಗಿಂತ ಪರೀಕ್ಷೆಯ ದಿನಗಳಲ್ಲಿ ಗೋಡೆಯ ದುರಸ್ತಿ ನಿಧಾನವಾಗಿತ್ತು.

ಎರಡನೆಯ ದಾರಿ ನರಗಳದು. ಒತ್ತಡದಲ್ಲಿ ಚರ್ಮದ ನರತುದಿಗಳಿಂದ ಹೊರಡುವ ಪದಾರ್ಥಗಳು ಮಾಸ್ಟ್ ಕೋಶಗಳೆಂಬ ಕಾವಲುಗಾರರನ್ನು ಕೆರಳಿಸುತ್ತವೆ. ಅವು ಹಿಸ್ಟಮಿನ್ ಮೊದಲಾದುವನ್ನು ಚೆಲ್ಲಿದಾಗ ಕೆಂಪು, ಊತ, ತುರಿಕೆ ಕಾಣಿಸಿಕೊಳ್ಳುತ್ತವೆ. ತುರಿಸಿದರೆ ಗೋಡೆ ಇನ್ನಷ್ಟು ಒಡೆಯುತ್ತದೆ. ಒಡೆದಷ್ಟೂ ತುರಿಕೆ ಹೆಚ್ಚುತ್ತದೆ. ರಾತ್ರಿ ತುರಿಕೆಯಿಂದ ನಿದ್ರೆ ಕೆಡುತ್ತದೆ, ನಿದ್ರೆಗೆಟ್ಟ ಮನಸ್ಸು ಬೆಳಿಗ್ಗೆ ಇನ್ನಷ್ಟು ಕಳವಳಗೊಳ್ಳುತ್ತದೆ. ಇದೊಂದು ಗಾಣದ ಸುತ್ತು. ಎಕ್ಸಿಮಾ, ಸೋರಿಯಾಸಿಸ್, ಪಿತ್ತದ ಗಂಧೆ, ಮೊಡವೆ ಇವು ಅನೇಕರಲ್ಲಿ ಒತ್ತಡದ ದಿನಗಳಲ್ಲಿ ಉಲ್ಬಣಿಸುವುದು ಇಂಥ ಕಾರಣಗಳಿಂದಲೇ.

ಆದರೆ ಒಂದು ಎಚ್ಚರಿಕೆ ಅವಶ್ಯಕ. ಎಲ್ಲ ಚರ್ಮರೋಗಕ್ಕೂ ಚಿಂತೆಯೇ ಕಾರಣವಲ್ಲ. ಮನೆಮಂದಿಗೆಲ್ಲ ರಾತ್ರಿ ತುರಿಕೆಯಾದರೆ ಅದು ಕಜ್ಜಿಯಿರಬಹುದು. ಸ್ಪರ್ಶ ತಿಳಿಯದ ತಿಳಿಬಣ್ಣದ ಮಚ್ಚೆ ಕುಷ್ಠವಿರಬಹುದು. ಎರಡೂ ಔಷಧಿಯಿಂದ ಗುಣವಾಗತಕ್ಕವು. ರೋಗಿಯನ್ನು ಸರಿಯಾಗಿ ನೋಡದೆ “ನಿನಗೆ ಯೋಚನೆ ಜಾಸ್ತಿ” ಎಂದು ಹೇಳಿ ಕಳುಹಿಸುವುದು ಚಿಕಿತ್ಸೆಯಲ್ಲ.

ಆರೈಕೆಯವರ ಕರ್ತವ್ಯ

ಚರ್ಮವೈದ್ಯರೂ ದಾದಿಯರೂ ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳವಾದುವು: ಕೆಲಸವೇನು? ಕೈ ಎಷ್ಟು ಹೊತ್ತು ನೀರಿನಲ್ಲಿರುತ್ತದೆ? ನಿದ್ರೆ ಬರುತ್ತದೆಯೆ? ತುರಿಕೆ ಯಾವಾಗ ಹೆಚ್ಚು? ಉತ್ತರಕ್ಕೆ ತಕ್ಕ ಸಲಹೆಯೇ ಸಲಹೆ. “ಕೈಯನ್ನು ನೀರಿಗೆ ಹಾಕಬೇಡಿ” ಎಂದು ನೂಲು ಬಿಚ್ಚುವವಳಿಗೆ ಹೇಳುವುದು “ಊಟ ಬಿಡಿ” ಎಂದು ಹೇಳಿದಂತೆ. ದಪ್ಪ ಕೈಗವಸು ತೊಟ್ಟರೆ ಎಳೆಯ ತುದಿ ಬೆರಳಿಗೆ ಸಿಗದು. ಅವಳಿಂದ ಆಗುವುದನ್ನು ಹೇಳಬೇಕು. ಕೆಲಸ ಮುಗಿದೊಡನೆ ಸಾದಾ ನೀರಿನಲ್ಲಿ ಕೈ ತೊಳೆದು, ಉಜ್ಜದೆ ಒತ್ತಿ ಒರಸಿ, ಪಸೆ ಆರುವ ಮೊದಲೇ ವ್ಯಾಸಲೀನನ್ನು ಸವರುವುದು. ಮಲಗುವಾಗ ಇನ್ನೊಮ್ಮೆ ಸವರಿ ಹತ್ತಿಯ ಬಟ್ಟೆ ಸುತ್ತಿಕೊಳ್ಳುವುದು. ಉಗುರು ಕತ್ತರಿಸಿ, ತುರಿಕೆ ಬಂದಾಗ ತಣ್ಣನೆಯ ಒದ್ದೆ ಬಟ್ಟೆ ಇಡುವುದು. ಇವಕ್ಕೆ ಹೆಚ್ಚು ಹಣ ಬೇಕಾಗಿಲ್ಲ.

ಬ್ಯೂಟಿ ಪಾರ್ಲರಿನವರೂ ಕ್ಷೌರಿಕರೂ ಜನರ ಚರ್ಮವನ್ನು ವೈದ್ಯರಿಗಿಂತ ಮೊದಲೇ, ಹತ್ತಿರದಿಂದ ನೋಡುವವರು. ಕೆರಳಿದ ಚರ್ಮದ ಮೇಲೆ ಬ್ಲೀಚು ಹಚ್ಚುವುದು, ಬಲವಾಗಿ ಉಜ್ಜುವುದು ಅವರು ಬಿಡಬೇಕಾದ ಕೆಲಸಗಳು. ಅನುಮಾನ ಬಂದಾಗ ವೈದ್ಯರಲ್ಲಿಗೆ ಕಳುಹಿಸುವುದು ಮಾಡಬೇಕಾದ ಕೆಲಸ. ಔಷಧಿ ಅಂಗಡಿಯವರ ಹೊಣೆ ಇನ್ನೂ ದೊಡ್ಡದು. ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲ ದಿನ ತುರಿಕೆಯನ್ನು ಅಡಗಿಸುತ್ತದೆ. ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನೇ ತೆಳ್ಳಗಾಗಿಸುತ್ತದೆ, ಹುಳುಕಡ್ಡಿಯನ್ನು ಹರಡಿಸುತ್ತದೆ.

ಚಿಂತೆಯು ಮುಲಾಮಿಗೆ ಬಗ್ಗದಷ್ಟು ಭಾರವಾಗಿದ್ದರೆ ಮನೋವೈದ್ಯರ ನೆರವನ್ನು ಸೂಚಿಸಲು ಸಂಕೋಚಪಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸೇವೆಯಲ್ಲಿ 14416 ಸಂಖ್ಯೆಗೆ ದೂರವಾಣಿ ಮಾಡಿ ಖರ್ಚಿಲ್ಲದೆ ಸಲಹೆ ಪಡೆಯಬಹುದು. ಇದಕ್ಕೆ ಮಾರ್ಗದರ್ಶನ ಮಾಡುತ್ತಿರುವುದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ.

ಗೂಡಿನ ಬೆಲೆಯನ್ನು ಸ್ಥಿರಗೊಳಿಸುವುದು ಯಾವ ಚರ್ಮವೈದ್ಯರ ಕೈಯಲ್ಲಿಯೂ ಇಲ್ಲ. ಆದರೆ ಗಾಣದ ಸುತ್ತನ್ನು ಎಲ್ಲಿಯಾದರೂ ಒಂದೆಡೆ ತಡೆದರೆ ಸಾಕು, ಉಳಿದುದು ತಾನಾಗಿ ಸಡಿಲುತ್ತದೆ. ತುರಿಕೆ ನಿಂತ ರಾತ್ರಿ ನಿದ್ರೆ ಬರುತ್ತದೆ. ನಿದ್ರೆ ಬಂದ ಮರುದಿನ ಚಿಂತೆ ಸ್ವಲ್ಪ ಹಗುರಾಗುತ್ತದೆ. ನಾವು ಉಡುವ ರೇಷ್ಮೆಯ ನುಣುಪಿನ ಹಿಂದೆ ಬಿರಿದ ಬೆರಳುಗಳಿವೆ. ಆ ಬೆರಳುಗಳೂ ಅಷ್ಟೇ ಜೋಪಾನಕ್ಕೆ ಅರ್ಹವಾದುವು.