ಕೊಂಡ ವಸ್ತುವಿನಲ್ಲಿ ದೋಷ ಕಂಡಾಗ

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತು, ರಾಶಿಯೊಳಗೆ ಕೈ ತೂರಿಸಿದರು. ಬೆರಳಿಗೆ ತೇವ ತಗುಲಿತು. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ಕಾರಣ ಕೇಳಿದಾಗ ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಿದ್ದರೆ ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಪ್ರವಾದಿ(ಸ)ರು ಪ್ರಶ್ನಿಸಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಹಝ್ರತ್ ಅಬೂಹುರೈರಾ(ರ)ರಿಂದ ವರದಿಯಾದ ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ.

ಇಂದು ಆ ರಾಶಿ ರಟ್ಟಿನ ಪೆಟ್ಟಿಗೆಯೊಳಗೆ ನಮ್ಮ ಮನೆಬಾಗಿಲಿಗೆ ಬರುತ್ತದೆ. ಕೊಳ್ಳುವ ಮುನ್ನ ಕೈಹಾಕಿ ನೋಡುವಂತಿಲ್ಲ. ಮೊಬೈಲಿನ ಚಿತ್ರ ನೋಡಿ ಹಣ ಕಟ್ಟುತ್ತೇವೆ. ಮಾರಿದವನ ಮುಖ ನಮಗೆ ಗೊತ್ತಿಲ್ಲ, ನಮ್ಮ ಮುಖ ಅವನಿಗೆ ಗೊತ್ತಿಲ್ಲ. ಹೀಗಿರುವಾಗ ವಸ್ತುವಿನಲ್ಲಿ ದೋಷ ಕಂಡುಬಂದರೆ ವಿಶ್ವಾಸಿಯು ಹೇಗೆ ನಡೆದುಕೊಳ್ಳಬೇಕು? ಅವನ ಹಕ್ಕೇನು, ಹೊಣೆಯೇನು?

ಒಂದು ಉದಾಹರಣೆ

ನಂಜನಗೂಡಿನ ಒಬ್ಬ ತಂದೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಗ ಎಂಟನೇ ತರಗತಿ. ಸರಕಾರಿ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರಕಾರ 2006-07ರಲ್ಲಿ ಆರಂಭಿಸಿತ್ತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಅಣ್ಣನಿಗೆ ಸಿಕ್ಕಿದ್ದು ತಮ್ಮನಿಗೆ ಸಿಗಲಿಲ್ಲ. ತಂದೆ ದುಡಿಮೆಯ ಹಣ ಕೂಡಿಸಿ ಆನ್‌ಲೈನ್‌ನಲ್ಲಿ ಏಳೂವರೆ ಸಾವಿರ ರೂಪಾಯಿಯ ಸೈಕಲ್ ತರಿಸುತ್ತಾರೆ. ಪೆಟ್ಟಿಗೆ ಬಿಚ್ಚಿ, ಹ್ಯಾಂಡಲ್, ಪೆಡಲ್, ಮುಂದಿನ ಚಕ್ರ ಜೋಡಿಸಿ ನೋಡಿದರೆ ಬ್ರೇಕು ಹಿಡಿಯುವುದಿಲ್ಲ, ಚಕ್ರ ಅಡ್ಡಡ್ಡ ಓಲಾಡುತ್ತದೆ, ಫ್ರೇಮಿನ ಬೆಸುಗೆಯ ಬಳಿ ಸಣ್ಣ ಬಿರುಕು.

ನಂಜನಗೂಡೂ ತಿ. ನರಸೀಪುರವೂ ರಾಷ್ಟ್ರೀಯ ಹೆದ್ದಾರಿ 766ರ ಮೇಲಿವೆ. ಲಾರಿ, ಬಸ್ಸುಗಳ ನಡುವೆ ಮಕ್ಕಳು ಸೈಕಲ್ ತುಳಿಯುವ ರಸ್ತೆ ಅದು. ಬ್ರೇಕಿನ ದೋಷವೆಂದರೆ ಅಲ್ಲಿ ಮಗುವಿನ ಜೀವದ ಪ್ರಶ್ನೆ. ಆದುದರಿಂದ ಹೋಗಲಿ ಬಿಡು ಎಂದು ಸುಮ್ಮನಿರುವುದನ್ನು ಸಹನೆಯೆಂದು ಕರೆಯಲಾಗದು.

ಶರೀಅತ್ ನೀಡಿರುವ ಹಕ್ಕು

ಮಾರುವವನೂ ಕೊಳ್ಳುವವನೂ ಸತ್ಯ ನುಡಿದು, ಇರುವುದನ್ನು ವಿವರಿಸಿ ಹೇಳಿದರೆ ಅವರ ವ್ಯಾಪಾರದಲ್ಲಿ ಬರಕತ್ ಇರುತ್ತದೆ. ಮುಚ್ಚಿಟ್ಟು ಸುಳ್ಳಾಡಿದರೆ ಬರಕತ್ ಅಳಿಸಿಹೋಗುತ್ತದೆ. ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಹದೀಸಿನ ಆಶಯವಿದು. ಇಲ್ಲಿ ಇಬ್ಬರನ್ನೂ ಹೆಸರಿಸಲಾಗಿದೆ ಎಂಬುದನ್ನು ಗಮನಿಸಿರಿ. ಸತ್ಯದ ಹೊಣೆ ಮಾರುವವನದು ಮಾತ್ರವಲ್ಲ.

ಕೊಂಡ ವಸ್ತುವಿನಲ್ಲಿ ಮೊದಲೇ ಇದ್ದ ದೋಷ ಆಮೇಲೆ ಕಂಡರೆ ಅದನ್ನು ಹಿಂತಿರುಗಿಸುವ ಹಕ್ಕಿಗೆ ಕರ್ಮಶಾಸ್ತ್ರದಲ್ಲಿ 'ಖಿಯಾರುಲ್ ಐಬ್' ಎಂದು ಹೆಸರು. ಹನಫೀ ಮದ್‌ಹಬ್‌ನಂತೆ ಕೊಂಡವನ ಮುಂದೆ ಎರಡು ದಾರಿಗಳಿವೆ: ವಸ್ತುವನ್ನು ಹಿಂದಕ್ಕೆ ಕೊಟ್ಟು ಪೂರ್ಣ ಹಣ ಪಡೆಯುವುದು, ಅಥವಾ ಪೂರ್ಣ ಬೆಲೆಗೆ ಅದನ್ನು ಒಪ್ಪಿಕೊಳ್ಳುವುದು. ವಸ್ತುವನ್ನು ಇಟ್ಟುಕೊಂಡು ಬೆಲೆಯಲ್ಲಿ ಸ್ವಲ್ಪ ವಾಪಸು ಪಡೆಯಬೇಕಾದರೆ ಮಾರಿದವನು ಅದಕ್ಕೆ ಒಪ್ಪಬೇಕು.

ಯಾವುದು ದೋಷ? ಆ ವೃತ್ತಿಯನ್ನು ಬಲ್ಲವರ ದೃಷ್ಟಿಯಲ್ಲಿ ವಸ್ತುವಿನ ಬೆಲೆಯನ್ನು ಇಳಿಸುವಂಥದ್ದು ದೋಷ. ಸುಲಭವಾಗಿ ಹೋಗಲಾಡಿಸಬಹುದಾದುದು ಈ ಲೆಕ್ಕಕ್ಕೆ ಬರುವುದಿಲ್ಲ. ಬ್ರೇಕಿನ ತಂತಿ ಬಿಗಿಮಾಡಿದರೆ, ಚಕ್ರದ ಕಡ್ಡಿಗಳನ್ನು ಸರಿಹೊಂದಿಸಿದರೆ ಮುಗಿಯುವ ಕೆಲಸವಾದರೆ ಅದು ಜೋಡಣೆಯ ಭಾಗ. ಬೆಸುಗೆಯಲ್ಲಿ ಬಿರುಕು, ಬಾಗಿದ ರಿಮ್ಮು ದೋಷವೇ ಸರಿ. ಹೀಗಾಗಿ ಮೊದಲು ನಿಮ್ಮ ಊರಿನ ಸೈಕಲ್ ರಿಪೇರಿಯವರನ್ನು ಮನೆಗೆ ಕರೆದು ತೋರಿಸಿರಿ. ಶಾಸ್ತ್ರ ಹೇಳುವ 'ಬಲ್ಲವರು' ಇಲ್ಲಿ ಅವರೇ. ಅವರ ಕೂಲಿಯನ್ನು ಕೊಡಲು ಮರೆಯದಿರಿ.

ಪೆಟ್ಟಿಗೆಯೊಳಗಿನ ದೋಷವೋ, ನಮ್ಮ ಕೈಯ ದೋಷವೋ?

ಇಲ್ಲಿ ಮನಸ್ಸಾಕ್ಷಿಯ ಪರೀಕ್ಷೆ ಆರಂಭವಾಗುತ್ತದೆ. ಆನ್‌ಲೈನ್‌ನಲ್ಲಿ ಬರುವ ಸೈಕಲ್‌ಗಳು ಸಾಮಾನ್ಯವಾಗಿ ಪೂರ್ತಿ ಜೋಡಿಸಿ ಬರುವುದಿಲ್ಲ. ಉಳಿದ ಜೋಡಣೆಯನ್ನು ನಾವೇ ಮಾಡಬೇಕು. ಎಡಗಡೆಯ ಪೆಡಲಿನ ಥ್ರೆಡ್ಡು ಬಲಗಡೆಯದಕ್ಕೆ ವಿರುದ್ಧವಾಗಿರುತ್ತದೆ. ಬಲ ಪೆಡಲನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಎಡ ಪೆಡಲನ್ನು ಅದಕ್ಕೆ ಎದುರು ದಿಕ್ಕಿಗೆ ಬಿಗಿಯಬೇಕು. ಎಷ್ಟೋ ಪೆಡಲ್‌ಗಳ ಮೇಲೆ 'ಎಲ್', 'ಆರ್' ಎಂಬ ಅಕ್ಷರಗಳು ಎಡಬಲದ ಗುರುತಿಗೇ ಇರುತ್ತವೆ. ಇದನ್ನರಿಯದೆ ಹುಡುಗರು ಬಲವಾಗಿ ತಿರುಗಿಸಿದರೆ ಥ್ರೆಡ್ಡು ಸವೆದು ಹಾಳಾಗುತ್ತದೆ. ಇನ್ನು ಕೆಲವರು ಮುಂದಿನ ಫೋರ್ಕನ್ನು ಹಿಂದುಮುಂದಾಗಿ ಕೂರಿಸಿ, ಸೈಕಲ್ಲೇ ಸರಿಯಿಲ್ಲವೆನ್ನುತ್ತಾರೆ.

ಕೆಟ್ಟದ್ದು ನಮ್ಮ ಕೈಯಲ್ಲಿ. 'ಬರುವಾಗಲೇ ಹಾಳಾಗಿತ್ತು' ಎಂದು ಬರೆದು ಕಳಿಸಿದರೆ ಕಂಪನಿ ನಂಬಲೂಬಹುದು, ಹಣವೂ ಮರಳಬಹುದು. ಆದರೆ ಆ ಹಣ ಹಲಾಲ್ ಆಗುವುದೆಂತು? ಅಷ್ಟು ದೊಡ್ಡ ಕಂಪನಿಗೆ ಇದರಿಂದ ಏನು ನಷ್ಟವೆಂದು ಕೆಲವರು ಕೇಳುತ್ತಾರೆ. ಇತರರ ಸೊತ್ತನ್ನು ಅನ್ಯಾಯವಾಗಿ ತಿನ್ನಬಾರದೆಂಬ ಅನ್ನಿಸಾಅ್ ಅಧ್ಯಾಯದ 29ನೇ ಸೂಕ್ತದ ಆಜ್ಞೆಯಲ್ಲಿ ದೊಡ್ಡವರ ಸೊತ್ತಿಗೆ ವಿನಾಯಿತಿ ಇಲ್ಲ. ಮಗನು ಪಕ್ಕದಲ್ಲಿ ನಿಂತು ನೀವು ಬರೆಯುವುದನ್ನು ಓದುತ್ತಿರುತ್ತಾನೆ ಎಂಬುದನ್ನೂ ಮರೆಯಬೇಡಿರಿ.

ಮೊದಲೇ ಇದ್ದ ದೋಷವೂ ಇದೆ, ನಮ್ಮ ಕೈಯಲ್ಲಿ ಇನ್ನೊಂದು ದೋಷವೂ ಸೇರಿತು ಎನ್ನೋಣ. ಆಗ ಹನಫೀ ವಿದ್ವಾಂಸರ ಪ್ರಕಾರ ಮೊದಲ ದೋಷದಿಂದ ಕಡಿಮೆಯಾದ ಬೆಲೆಯನ್ನು ಕೇಳಬಹುದು. ಮಾರಿದವನು ಎರಡನ್ನೂ ತಿಳಿದು ಒಪ್ಪಿದರೆ ಮಾತ್ರ ವಸ್ತುವನ್ನು ಹಿಂತಿರುಗಿಸಬಹುದು. ಅಂದರೆ ಎರಡನ್ನೂ ಬಿಚ್ಚಿ ಹೇಳಬೇಕು.

ಹಾಲು ಕರೆಯದೆ ಕೆಚ್ಚಲು ತುಂಬಿಸಿ ಒಂಟೆ, ಆಡುಗಳನ್ನು ಮಾರುವುದನ್ನು ಪ್ರವಾದಿ(ಸ)ರು ನಿಷೇಧಿಸಿದರು. ಮೋಸಹೋದವನು ಪ್ರಾಣಿಯನ್ನು ಹಿಂತಿರುಗಿಸಬಹುದು. ಆದರೆ ಅವನು ಕರೆದುಕೊಂಡ ಹಾಲಿಗೆ ಪ್ರತಿಯಾಗಿ ಒಂದು ಸಾಅ್ ಖರ್ಜೂರವನ್ನೂ ಜೊತೆಗೆ ಕೊಡಬೇಕೆಂದು ಹದೀಸಿನಲ್ಲಿದೆ. ಇದರ ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ನಾವು ಇಲ್ಲಿ ಅದರೊಳಗಿನ ತಕ್ಕಡಿಯನ್ನು ನೋಡೋಣ: ಮೋಸಕ್ಕೊಳಗಾದವನೂ ತಾನು ಪಡೆದುಕೊಂಡುದರ ಲೆಕ್ಕ ಕೊಡಬೇಕು.

ದೋಷ ತಿಳಿದ ಮೇಲೆ ಸವಾರಿ

ಸೈಕಲ್ ಇಲ್ಲದ ಕಾಲದ ವಿದ್ವಾಂಸರು ಈ ಪ್ರಶ್ನೆಯನ್ನು ಸವಾರಿ ಪ್ರಾಣಿಯ ವಿಷಯದಲ್ಲಿ ಚರ್ಚಿಸಿದ್ದಾರೆ. ಹನಫೀ ಗ್ರಂಥವಾದ 'ಹಿದಾಯಃ'ದಲ್ಲಿ ಇದರ ತೀರ್ಪು ಹೀಗಿದೆ: ದೋಷ ತಿಳಿದ ಬಳಿಕವೂ ಸ್ವಂತ ಅಗತ್ಯಕ್ಕೆ ಆ ಪ್ರಾಣಿಯ ಮೇಲೆ ಸವಾರಿ ಮಾಡಿದರೆ ಅದು ದೋಷವನ್ನು ಒಪ್ಪಿಕೊಂಡಂತೆ, ಹಿಂತಿರುಗಿಸುವ ಹಕ್ಕು ಹೋಯಿತು. ಅದನ್ನು ಮಾರಿದವನಿಗೆ ಮರಳಿಸಲು, ನೀರು ಕುಡಿಸಲು ಅಥವಾ ಮೇವು ತರಲು ಸವಾರಿ ಮಾಡಿದ್ದರೆ ಒಪ್ಪಿಕೊಂಡಂತಾಗುವುದಿಲ್ಲ.

ಇದನ್ನು ನಮ್ಮ ಸೈಕಲ್‌ಗೆ ಹೋಲಿಸಿ ನೋಡಿರಿ. ದೋಷ ಪತ್ತೆಹಚ್ಚಲು ಅಂಗಳದಲ್ಲಿ ಒಂದು ಸುತ್ತು ಓಡಿಸುವುದು ಬೇರೆ. ದೋಷ ಗೊತ್ತಾದ ಮೇಲೂ ಹತ್ತು ದಿನ ಶಾಲೆಗೆ ತುಳಿದು, ಗಡುವಿನ ಕೊನೆಯ ದಿನ ವಾಪಸು ಕಳಿಸುವುದು ಬೇರೆ. ಶಾಫಿಈ ಮದ್‌ಹಬ್‌ನಲ್ಲಂತೂ ದೋಷ ತಿಳಿದ ತಕ್ಷಣ ಹಿಂತಿರುಗಿಸಲು ಮುಂದಾಗಬೇಕು. ಆದುದರಿಂದ ದೋಷ ಕಂಡ ದಿನವೇ ಸೈಕಲನ್ನು ಬದಿಗಿಡಿರಿ, ಅಂದೇ ತಿಳಿಸಿರಿ. ನಿಮ್ಮ ಸಂದರ್ಭದಲ್ಲಿ ಬೇರೆ ತೊಡಕುಗಳಿದ್ದರೆ ಊರಿನ ವಿದ್ವಾಂಸರನ್ನು ಕೇಳಿ ತಿಳಿದುಕೊಳ್ಳಿರಿ.

ದೇಶದ ಕಾನೂನು ಏನೆನ್ನುತ್ತದೆ?

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಕೊಂಡವನ ಬೆನ್ನಿಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಅದೇ ತಿಂಗಳು ಆನ್‌ಲೈನ್ ವ್ಯಾಪಾರಕ್ಕೆ ಪ್ರತ್ಯೇಕ ನಿಯಮಗಳೂ ಬಂದವು. ಅವುಗಳ ಪ್ರಕಾರ, ವಸ್ತು ದೋಷಯುಕ್ತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರನು ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ಕಂಪನಿಯು ದೂರು ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆಯೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ, ಕನ್ನಡದಲ್ಲಿಯೂ ಮಾತನಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿಯ ಕಚೇರಿ ದೆಹಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಮೈಸೂರಿನಲ್ಲೇ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ಇದಕ್ಕೆಲ್ಲ ಸಾಕ್ಷಿ ಬೇಕು. ಕೊಡುಕೊಳ್ಳುವಾಗ ಸಾಕ್ಷಿಯಿರಿಸಿಕೊಳ್ಳಬೇಕೆಂದು ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತ ಕಲಿಸುತ್ತದೆ. ಪೆಟ್ಟಿಗೆ ಬಿಚ್ಚುವಾಗಲೇ ಮೊಬೈಲಿನಲ್ಲಿ ವೀಡಿಯೊ ಮಾಡಿರಿ. ಬಿಲ್ಲು, ಪೆಟ್ಟಿಗೆ, ಅದರ ಮೇಲಿನ ಚೀಟಿ, ಕಂಪನಿಯೊಂದಿಗಿನ ಬರವಣಿಗೆ ಎಲ್ಲವನ್ನೂ ಜೋಪಾನವಾಗಿಡಿರಿ. ಕಂಪನಿಯ ಫೋನ್ ನಂಬರನ್ನು ಅಂತರ್ಜಾಲದಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಕರೆ ಮಾಡಬೇಡಿರಿ. ನಕಲಿ ನಂಬರು ಹಾಕಿ ಬ್ಯಾಂಕಿನ ಹಣ ದೋಚುವವರಿದ್ದಾರೆ. ಕಂಪನಿಯ ಆ್ಯಪ್‌ನೊಳಗಿನಿಂದಲೇ ದೂರು ಕೊಡಿರಿ. ಹಣ ಮರಳಿಸುತ್ತೇವೆಂದು ಹೇಳಿ ಪಿನ್ ಅಥವಾ ಒಟಿಪಿ ಕೇಳಿದವನಿಗೆ ಏನನ್ನೂ ಕೊಡಬೇಡಿರಿ.

ಹಕ್ಕು ಕೇಳುವಾಗಿನ ನಡತೆ

ಮಾರುವಾಗ, ಕೊಳ್ಳುವಾಗ ಹಾಗೂ ತನ್ನ ಹಕ್ಕನ್ನು ಕೇಳುವಾಗ ಸೌಮ್ಯವಾಗಿರುವವನಿಗೆ ಅಲ್ಲಾಹನ ಕರುಣೆಯಿರಲೆಂದು ಪ್ರವಾದಿ(ಸ)ರು ಪ್ರಾರ್ಥಿಸಿದ್ದು ಬುಖಾರಿಯಲ್ಲಿದೆ. ಹಕ್ಕು ಕೇಳಬೇಡಿ ಎಂದು ಅಲ್ಲಿ ಹೇಳಿಲ್ಲ. ಕೇಳುವ ರೀತಿಯನ್ನು ಕಲಿಸಲಾಗಿದೆ. ಪೆಟ್ಟಿಗೆ ತಂದುಕೊಟ್ಟ ಡೆಲಿವರಿ ಹುಡುಗ ಸೈಕಲ್ ತಯಾರಿಸಿದವನಲ್ಲ. ಬಿಸಿಲಿನಲ್ಲಿ ಮನೆಮನೆ ಅಲೆಯುವ ಬಡವರ ಮಗ ಅವನು. ಅವನ ಮೇಲೆ ಕೂಗಾಡುವುದು ಅನ್ಯಾಯ. ಫೋನಿನ ಆಚೆಗಿರುವ ಹುಡುಗಿಯೂ ಸಂಬಳಕ್ಕೆ ದುಡಿಯುವವಳೇ.

ಇತರರನ್ನು ಎಚ್ಚರಿಸಲು ಅಭಿಪ್ರಾಯ ಬರೆಯುವುದು ಪರನಿಂದೆಯಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಅನ್ಯಾಯಕ್ಕೊಳಗಾದವನು ದೂರುವುದನ್ನೂ, ಜನರನ್ನು ಹಾನಿಯಿಂದ ಎಚ್ಚರಿಸುವುದನ್ನೂ ಇಮಾಮ್ ನವವೀ(ರ) ಅನುಮತಿಸಲಾದ ಸಂದರ್ಭಗಳಲ್ಲಿ ಎಣಿಸಿದ್ದಾರೆ. ಆದರೆ ಕಂಡಷ್ಟನ್ನೇ ಬರೆಯಬೇಕು. ಬ್ರೇಕು ಕೆಟ್ಟಿದ್ದರೆ ಬ್ರೇಕೆಂದು ಬರೆಯಿರಿ. ಸಿಟ್ಟಿನಲ್ಲಿ ಇಡೀ ಕಂಪನಿಯನ್ನು ಕಳ್ಳರೆನ್ನಬೇಡಿರಿ. ಒಂದು ಜನರ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂಬುದು ಅಲ್‌ಮಾಇದಃ ಅಧ್ಯಾಯದ 8ನೇ ಸೂಕ್ತದ ಪಾಠ. ದೂರಿತ್ತ ಬಳಿಕ ಕಂಪನಿ ಸರಿಪಡಿಸಿದರೆ ಅದನ್ನೂ ಬರೆಯಿರಿ.

ಸೈಕಲ್ ಕೈ ಬದಲಾಗುವಾಗ

ಇನ್ನೊಂದು ಸಂದರ್ಭವಿದೆ. ಹಿಂತಿರುಗಿಸುವ ಗಡುವು ದಾಟಿತು, ಓಡಾಡಿ ಬೇಸರವಾಯಿತು. ತಿ. ನರಸೀಪುರದ ನೆಂಟರು ತಮ್ಮ ಮಗನಿಗೆ ಸೈಕಲ್ ಹುಡುಕುತ್ತಿದ್ದಾರೆ. ಬಿರುಕಿಗೆ ಬಣ್ಣ ಬಳಿದು, 'ಹೊಸದೇ, ಉಪಯೋಗಿಸಿಲ್ಲ' ಎಂದು ಐದು ಸಾವಿರಕ್ಕೆ ದಾಟಿಸಿದರೆ ತೊಂದರೆ ತೀರಿತು ಎಂಬ ಯೋಚನೆ ಬರುತ್ತದೆ. ನಿನ್ನೆಯವರೆಗೆ ಮೋಸಹೋದವರು ನಾವು. ಆ ಗಳಿಗೆಯಲ್ಲಿ ಒದ್ದೆ ಧಾನ್ಯದ ರಾಶಿಯ ಮುಂದೆ ಕುಳಿತವರು ನಾವೇ ಆಗುತ್ತೇವೆ.

ಸಹಾಬಿ ವಾಸಿಲಃ ಬಿನ್ ಅಸ್ಕಅ್(ರ)ರ ಘಟನೆಯನ್ನು ಕೇಳಿರಿ. ಒಬ್ಬನು ಒಂಟೆ ಕೊಂಡು ಹೊರಟಿದ್ದನು. ವಾಸಿಲಃ(ರ) ಅವನನ್ನು ನಿಲ್ಲಿಸಿ, ಇದು ಮಾಂಸಕ್ಕೋ ಪ್ರಯಾಣಕ್ಕೋ ಎಂದು ವಿಚಾರಿಸಿದರು. ಹಜ್ಜ್ ಪ್ರಯಾಣಕ್ಕೆಂದು ತಿಳಿದಾಗ ಅದರ ಪಾದದಲ್ಲಿ ಗಾಯವಿರುವುದನ್ನು ತಿಳಿಸಿದರು. ವ್ಯಾಪಾರ ಕೆಡಿಸಿದಿರೆಂದು ಮಾರಿದವನು ಆಕ್ಷೇಪಿಸಿದನು. ದೋಷವನ್ನು ತಿಳಿಸದೆ ಮಾರುವುದು ಯಾರಿಗೂ ಸಲ್ಲದು, ಅದನ್ನು ಬಲ್ಲವನು ತಿಳಿಸದಿರುವುದೂ ಸಲ್ಲದು ಎಂದು ತಾವು ಪ್ರವಾದಿ(ಸ)ರಿಂದ ಕೇಳಿರುವುದಾಗಿ ವಾಸಿಲಃ(ರ) ಉತ್ತರಿಸಿದರು. ಮುಸ್ನದ್ ಅಹ್ಮದ್‌ನಲ್ಲಿ ಈ ವರದಿ ಇದೆ. ಸವಾರಿಗಾಗಿ ಕೊಳ್ಳುವವನಿಗೆ ಪಾದದ ಗಾಯ ಎಷ್ಟು ಮುಖ್ಯವೋ ಸೈಕಲ್ ತುಳಿಯುವ ಹುಡುಗನಿಗೆ ಫ್ರೇಮಿನ ಬಿರುಕು ಅಷ್ಟೇ ಮುಖ್ಯ.

ಇಮಾಮ್ ಅಬೂಹನೀಫಾ(ರ) ಕೂಫಾದ ಬಟ್ಟೆ ವ್ಯಾಪಾರಿಯಾಗಿದ್ದರು. ದೋಷವಿದ್ದ ಬಟ್ಟೆಯೊಂದನ್ನು ಪಾಲುದಾರರಿಗೆ ಕೊಟ್ಟು, ಅದನ್ನು ಹೇಳಿಯೇ ಮಾರಬೇಕೆಂದು ತಿಳಿಸಿದ್ದರು. ಪಾಲುದಾರರು ಮರೆತು ಮಾರಿಬಿಟ್ಟರು. ಕೊಂಡವನು ಯಾರೆಂದು ಗೊತ್ತಾಗಲಿಲ್ಲ. ಆಗ ಇಮಾಮರು ಆ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಜೀವನಚರಿತ್ರೆಗಳಲ್ಲಿದೆ.

ಆದುದರಿಂದ ದೋಷವಿರುವ ಸೈಕಲನ್ನು ಮಾರುವುದಾದರೆ ಬೆರಳಿಟ್ಟು ದೋಷವನ್ನು ತೋರಿಸಿ, ಅದಕ್ಕೆ ತಕ್ಕ ಬೆಲೆಗೆ ಮಾರಿರಿ. ಜೀವಕ್ಕೆ ಅಪಾಯವಿರುವಂಥದ್ದಾದರೆ ಗುಜರಿಗೆ ಹಾಕಿರಿ. ಮಗುವಿನ ಕೈಗೆ ಕೊಡಬೇಡಿರಿ. ನಿಮ್ಮದೇ ಅಂಗಡಿಯಿದ್ದರೆ, ಕೊಂಡದ್ದನ್ನು ಹಿಂತಿರುಗಿಸಲು ಬಂದವನ ಕೋರಿಕೆಯನ್ನು ಒಪ್ಪುವವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಅಬೂದಾವೂದ್‌ನ ಹದೀಸನ್ನು ನೆನಪಿಡಿರಿ.

ನಮ್ಮ ಹಕ್ಕನ್ನು ಬಿಡದೆ ಕೇಳೋಣ. ಕೇಳುವ ಬಾಯಿಯಲ್ಲಿ ಸುಳ್ಳು ಬಾರದಿರಲಿ. ಮಾರಿದವನು ಮುಚ್ಚಿಟ್ಟುದನ್ನು ನಾವು ಮುಂದಿನವನಿಗೆ ಮುಚ್ಚಿಡದಿರೋಣ. ಕೊಡುಕೊಳ್ಳುವಿಕೆಯಲ್ಲಿ ಸತ್ಯವನ್ನೂ ದುಡಿಮೆಯಲ್ಲಿ ಬರಕತ್ತನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.